ಬರೀ ನೋಡಿದ್ದಕ್ಕೂ ರೊಕ್ಕ ಕೊಡಬೇಕಾ? ಹೌದು, ಕೊಡಬೇಕು

ಹೊಸಪೇಟೆಯ ಯಾವುದೇ ಗ್ಯಾರೇಜಿನ ಮುಂದೆ ಅರ್ಧ ದಿನ ನಿಂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ: “ಏನೂ ಹಾಕಿಲ್ಲ, ಏನೂ ಬಿಚ್ಚಿಲ್ಲ, ಬರೀ ನೋಡಿದ್ದಕ್ಕ ಯಾಕ ರೊಕ್ಕ?” ಮೇಸ್ತ್ರಿ ನಕ್ಕು “ಇರ್ಲಿ ಬಿಡ್ರಿ ಅಣ್ಣಾ” ಅನ್ನುತ್ತಾನೆ. ಮುಂದಿನ ಸಲ ಅದೇ ಗಾಡಿ ಬಂದಾಗ ಅವನು ನೋಡುತ್ತಾ ಕೂರುವುದಿಲ್ಲ, ಸೀದಾ ಬಿಚ್ಚುತ್ತಾನೆ. ನೋಡಿದರೆ ಕೂಲಿ ಇಲ್ಲ, ಬಿಚ್ಚಿ ಹೊಸದು ಹಾಕಿದರೆ ಇದೆ. ಈ ಪಾಠವನ್ನು ಅವನಿಗೆ ಹೇಳಿಕೊಟ್ಟವರು ನಾವೇ.

ಬೋರ್‌ವೆಲ್ ಪಾಯಿಂಟ್ ತೋರಿಸಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರಿಗೆ ನಾವು ತಕರಾರಿಲ್ಲದೆ ದುಡ್ಡು ಕೊಡುತ್ತೇವೆ. ನೀರು ಬೀಳದಿದ್ದರೂ ವಾಪಸ್ ಕೇಳುವುದಿಲ್ಲ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು “ಏನಿಲ್ಲ, ಹೋಗಿ” ಎಂದರೂ ಫೀಸು ಕೊಟ್ಟೇ ಬರುತ್ತೇವೆ. ಗಾಡಿಯ ಕೆಳಗೆ ಒಂದು ಗಂಟೆ ಮಲಗಿ ಹುಡುಕಿ, “ಇದೊಂದು ರಾಡ್ ಹೋಗಿದೆ, ಉಳಿದದ್ದು ಮುಟ್ಟಬೇಡಿ” ಎಂದು ಹೇಳಿದವನಿಗೆ ಮಾತ್ರ ಒಂದು ಕಪ್ ಚಹಾ.

ಸಣ್ಣ ಕಾರು, ಟ್ರ್ಯಾಕ್ಸ್, ಬೊಲೆರೊಗಳಲ್ಲಿ ಈ ಲೆಕ್ಕ ಹೇಗೋ ನಡೆಯುತ್ತದೆ. ಹಳೆಯ ಬೆಂಜ್, ಬಿಎಂಡಬ್ಲ್ಯು, ಆಡಿಗಳಲ್ಲಿ ನಡೆಯುವುದಿಲ್ಲ. ಅಂಥ ಕಾರುಗಳು ಈಗ ನಮ್ಮ ಹಳ್ಳಿಗಳಿಗೂ ಬಂದು ನಿಂತಿರುವುದರಿಂದಲೇ ಈ ಮಾತು ಎತ್ತುತ್ತಿದ್ದೇನೆ.

ಅವು ಹೇಗೆ ಬಂದವು ಎಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಚೀನಾ ಅದಿರು ಕೊಳ್ಳುತ್ತಿದ್ದ ವರ್ಷಗಳಲ್ಲಿ ಹೊಸಪೇಟೆ, ಸಂಡೂರು ರಸ್ತೆಗಳಲ್ಲಿ ಕೆಂಪು ಧೂಳಿನ ನಡುವೆ ಪರದೇಶಿ ಕಾರುಗಳು ಓಡಾಡಿದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗ ಹೊಸಪೇಟೆಯೂ ಅದೇ ಜಿಲ್ಲೆಯಲ್ಲಿತ್ತು. ಗಣಿಗಳು ಆಮೇಲೆ ಷರತ್ತಿನ ಮೇಲೆ ಮತ್ತೆ ತೆರೆದವು, ಆದರೆ ಆ ಕಾಲದ ಕಾರುಗಳಿಗೆ ಈಗ ಹದಿನೈದರ ಆಸುಪಾಸು ವಯಸ್ಸು. ಇವುಗಳ ಜೊತೆಗೆ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದಲೂ ಬರುತ್ತವೆ. ಹೊಸ ಸಣ್ಣ ಕಾರಿನ ಬೆಲೆಗೆ ಹಳೆಯ ಇ-ಕ್ಲಾಸ್ ಸಿಗುತ್ತದೆ ಎಂದರೆ ಭತ್ತದ ದುಡ್ಡು ಕೈಯಲ್ಲಿರುವ ಹುಡುಗನ ಮನಸ್ಸು ಓಲಾಡುವುದು ಸಹಜ. ನಾನದನ್ನು ಶೋಕಿ ಎಂದು ಹಳಿಯುವುದಿಲ್ಲ. ದೊಡ್ಡ ಕಾರಿನಲ್ಲಿ ಕೂರುವ ಆಸೆ ಊರಿನ ಧಣಿಗಳಿಗಷ್ಟೇ ಇರಬೇಕು ಎಂದು ಎಲ್ಲೂ ಬರೆದಿಲ್ಲ.

ಆದರೆ ಕೊಂಡ ಬೆಲೆ ಇಳಿಯಿತೆಂದು ಅದರ ಪಾರ್ಟಿನ ಬೆಲೆ ಇಳಿಯುವುದಿಲ್ಲ. ಮಾರುತಿ ಸ್ವಿಫ್ಟ್‌ನಂಥ ಕಾರಿನಲ್ಲಿ ಮುಂದಿನ ಒಂದು ಚಕ್ರಕ್ಕೆ ಒಂದೇ ಲೋವರ್ ಆರ್ಮ್. ಆಡಿ ಎ6ರಲ್ಲಿ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಬೆಂಜ್ ಇ-ಕ್ಲಾಸಿನಲ್ಲಿ ಹಿಂದಿನ ಒಂದೊಂದು ಚಕ್ರವನ್ನು ಐದು ರಾಡ್‌ಗಳು ಹಿಡಿದಿರುತ್ತವೆ. ಪ್ರತಿಯೊಂದರ ತುದಿಯಲ್ಲಿ ರಬ್ಬರ್ ಬುಷ್ಷೋ ಬಾಲ್ ಜಾಯಿಂಟೋ ಇದ್ದೇ ಇದೆ. ಒಳಗೆ ಕೂತವರಿಗೆ ತೊಟ್ಟಿಲು ತೂಗಿದಂತೆ ಅನ್ನಿಸುವುದು ಇವುಗಳಿಂದಲೇ, ಹಳತಾದಾಗ ಸದ್ದು ಬರುವುದೂ ಇಲ್ಲಿಂದಲೇ. ರಬ್ಬರಿಗೆ ಕಿಲೋಮೀಟರಿನಷ್ಟೇ ವರ್ಷದ ಲೆಕ್ಕವೂ ಉಂಟು. “ಬರೀ ನಲವತ್ತು ಸಾವಿರ ಓಡಿದೆ, ಶೆಡ್ಡಿನಲ್ಲೇ ಇತ್ತು” ಎಂದು ಮಾರುವವನು ಹೇಳಿದರೆ, ಹದಿನೈದು ವರ್ಷ ನಮ್ಮ ಬಿಸಿಲಲ್ಲಿ ರಬ್ಬರ್ ಒಣಗಿದೆ ಎಂದು ಅರ್ಥ ಮಾಡಿಕೊಳ್ಳಿ.

ಇಂಥ ಕಾರಿನಲ್ಲಿ “ಟಕ್ ಟಕ್” ಸದ್ದು ಬಂತು ಅನ್ನಿ. ಊಹೆಯ ಮೇಲೆ ಹೊರಟರೆ ಮೊದಲು ಶಾಕ್ ಅಬ್ಸಾರ್ಬರ್ ಬದಲಿಸುತ್ತಾರೆ. ಸದ್ದು ಹೋಗುವುದಿಲ್ಲ. ಆಮೇಲೆ ಆರ್ಮ್‌ಗಳು. ಆಗಲೂ ಹೋಗದಿದ್ದರೆ ಕೊನೆಗೆ ಲಿಂಕ್ ರಾಡ್. ಅಲ್ಲಿಗೆ ಸದ್ದು ನಿಲ್ಲುತ್ತದೆ. ಎಲ್ಲಕ್ಕಿಂತ ಅಗ್ಗದ ಪಾರ್ಟಿಗಾಗಿ ಎಲ್ಲಕ್ಕಿಂತ ದುಬಾರಿಯದನ್ನು ಮೊದಲು ಹಾಕಿದಂತಾಯಿತು. ಬಿಎಂಡಬ್ಲ್ಯು 5 ಸೀರೀಸಿನ ಹಳೆಯ ಕಾರುಗಳಲ್ಲಿ ಇನ್ನೊಂದು ತಮಾಷೆ ಇದೆ. ಮುಂದಿನ ಆರ್ಮಿನ ಒಂದು ಬುಷ್ ಒಳಗೆ ಎಣ್ಣೆಯಂಥ ದ್ರವ ತುಂಬಿರುತ್ತದೆ. ಅದು ಬಿರುಕು ಬಿಟ್ಟು ಸೋರಿದರೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ನೋಡದೆ ಹೇಳುವವರು ಬ್ರೇಕ್ ಡಿಸ್ಕ್ ಹೋಗಿದೆ ಅನ್ನುತ್ತಾರೆ. ಹೊಸ ಡಿಸ್ಕ್ ಬರುತ್ತದೆ, ನಡುಕವೂ ಇರುತ್ತದೆ.

ಅರ್ಧ ಪತ್ತೆ ಕೆಲಸ ಮಾಲೀಕನ ಕಿವಿಯದ್ದೇ. ಎತ್ತಿನ ಬಂಡಿ ಕಿರುಗುಟ್ಟಿದರೆ ಯಾವ ಗಾಲಿಗೆ ಕೀಲೆಣ್ಣೆ ಬೇಕು ಎಂದು ನಮ್ಮ ಅಜ್ಜಂದಿರು ಮೂಕಿಯ ಮೇಲೆ ಕೂತೇ ಹೇಳುತ್ತಿದ್ದರು. ಕಾರಿಗೂ ಅದೇ ಕಿವಿ ಸಾಕು. ಎಸಿ, ಹಾಡು ಬಂದ್ ಮಾಡಿ, ಕಿಟಕಿ ಇಳಿಸಿ, ಯಾವುದಾದರೂ ಉದ್ದದ ಕಾಂಪೌಂಡ್ ಗೋಡೆಯ ಪಕ್ಕ ನಿಧಾನಕ್ಕೆ ಓಡಿಸಿ. ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದೆ, ಎಡವೋ ಬಲವೋ ಗೊತ್ತಾಗುತ್ತದೆ. ಅದಕ್ಕೂ ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಪಾನಾಗಳ ಸದ್ದಿಗೆ ಸಸ್ಪೆನ್ಷನ್ ಬಿಚ್ಚಿದ ಗಾಡಿಗಳು ಕಡಿಮೆಯೇನಿಲ್ಲ. ಹಂಪ್‌ಗೆ ತಗುಲಿ ಹರಿದ ಕೆಳಗಿನ ಪ್ಲಾಸ್ಟಿಕ್ ಕವರ್ ಕೂಡ ಹಾಗೇ ಬಡಿದುಕೊಳ್ಳುತ್ತದೆ.

ನಮ್ಮ ರಸ್ತೆಗಳನ್ನು ನಾನು ಬೈಯುವವನೇ. ಆದರೂ ಸದ್ದು ಹುಡುಕಲು ಇಷ್ಟು ಬಗೆಯ ರಸ್ತೆಗಳು ಇಷ್ಟು ಹತ್ತಿರದಲ್ಲಿ ಸಿಗುವುದು ಒಂದು ಅನುಕೂಲವೇ. ಕಂಪ್ಲಿ ಕಡೆ ಗದ್ದೆ ಬಯಲಿನ ಕಿತ್ತುಹೋದ ಡಾಂಬರಿನ ಮೇಲೆ ಇಪ್ಪತ್ತರ ವೇಗದಲ್ಲಿ ಹೋಗುವಾಗ, ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿದಾಗ “ಟಕ್ ಟಕ್” ಬಂದರೆ ಲಿಂಕ್ ರಾಡ್ ಮೇಲೆ ಮೊದಲ ಅನುಮಾನ. ಹಂಪಿಯ ದಾರಿಯ ಹಂಪ್ ಹತ್ತಿ ಇಳಿಯುವಾಗ “ಕಿರ್‍ರ್” ಎಂದರೆ ಒಣಗಿದ ಬುಷ್. “ಧಡ್” ಎಂದು ಒಂದೇ ಏಟು ಬಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಅದರ ಮೇಲಿನ ಮೌಂಟ್. ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ತೂಗಿದರೆ ಶಾಕ್ ಸೋತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಚಿತ್ರದುರ್ಗದ ಕಡೆಯ ಹೆದ್ದಾರಿ 50ರಲ್ಲಿ ವೇಗದ ಜೊತೆ ಏರುವ “ಗುಂಯ್” ಸದ್ದು ಟೈರಿನದೋ ವೀಲ್ ಬೇರಿಂಗಿನದೋ ಆಗಿರುತ್ತದೆ. ಅದನ್ನು ಬಿಡಿಸಿ ಹೇಳುವುದು ಸಂಡೂರಿನ ಗುಡ್ಡದ ತಿರುವು. ಎಡಕ್ಕೆ ತಿರುಗುವಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗ್ ನೋಡಿಸಿ. ತಿರುವಿನಲ್ಲಿ ಬದಲಾಗದೆ, ಡಾಂಬರು ಬದಲಾದಾಗ ಬದಲಾಗುವ ಸದ್ದು ಹೆಚ್ಚಾಗಿ ಟೈರಿನದು.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. “ಸೌಂಡ್ ಬರ್ತೈತಿ ನೋಡ್ರಿ” ಎಂದು ಕೀಲಿ ಎಸೆದು ಹೋಗುವುದಕ್ಕಿಂತ ಮೇಸ್ತ್ರಿಗೆ ಇದು ನೂರು ಪಾಲು ಉಪಯೋಗ.

ಉಳಿದರ್ಧ ಅವನ ಕೆಲಸ, ಅದಕ್ಕೇ ಕೂಲಿ ಕೊಡಿ ಅನ್ನುತ್ತಿರುವುದು. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಕಡೆ. ಬುಷ್ ಸಂದಿಗೆ ಕಬ್ಬಿಣದ ಸಲಾಕೆ ಹಾಕಿ ಮೀಟಿದರೆ ಹರಿದ ರಬ್ಬರ್ ಬಾಯಿ ಬಿಡುತ್ತದೆ. ಲಿಂಕ್ ರಾಡ್ ಮೇಲೆ ಅನುಮಾನವಿದ್ದರೆ ಎರಡೂ ಕಡೆಯದನ್ನು ಬಿಚ್ಚಿ, ಗ್ಯಾರೇಜಿನ ಹತ್ತಿರವೇ ಮೆಲ್ಲಗೆ ಒಂದು ಸುತ್ತು ಹಾಕುತ್ತಾರೆ. ಸದ್ದು ನಿಂತರೆ ಕಳ್ಳ ಸಿಕ್ಕ. ಗಾಳಿ ಸಸ್ಪೆನ್ಷನ್ ಇರುವ ಎಸ್-ಕ್ಲಾಸಿನಂಥ ಕಾರುಗಳಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ಕುಸಿದಿದ್ದರೆ ಸೋಪಿನ ನೀರು ಹಾಕಿ ಗುಳ್ಳೆ ನೋಡಬೇಕು, ಪಂಕ್ಚರ್ ಅಂಗಡಿಯವನು ನೋಡುವ ಹಾಗೆ. ಅದನ್ನು ಬಿಟ್ಟು ಓಡಿಸುತ್ತಲೇ ಇದ್ದರೆ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ಆಗ ಒಂದು ಖರ್ಚು ಎರಡಾಗುತ್ತದೆ. ಸ್ಕ್ಯಾನರ್ ಹಾಕಿದ್ದೇವೆ, ಏನೂ ತೋರಿಸಲಿಲ್ಲ ಎಂದು ಕೆಲವರು ಕೈ ತೊಳೆದುಕೊಳ್ಳುತ್ತಾರೆ. ಗಾಳಿ ಸಸ್ಪೆನ್ಷನ್ನಿನ ದೋಷವನ್ನು ಸ್ಕ್ಯಾನರ್ ತೋರಿಸೀತು. ಹರಿದ ರಬ್ಬರ್ ಬುಷ್ ಅದಕ್ಕೆ ಕಾಣುವುದಿಲ್ಲ, ಅಲ್ಲಿ ವೈರೇ ಇಲ್ಲವಲ್ಲ.

ಇದು ಬರೀ ದುಡ್ಡಿನ ಮಾತಲ್ಲ. ಕಿರ್ ಅನ್ನುವ ಬುಷ್ ಜೊತೆ ತಿಂಗಳುಗಟ್ಟಲೆ ಸಂಸಾರ ಮಾಡಬಹುದು. ಆಟ ಬಂದ ಬಾಲ್ ಜಾಯಿಂಟ್ ಜೊತೆ ಒಂದು ದಿನವೂ ಆಗದು. ಅದು ಕಳಚಿಕೊಂಡರೆ ಚಕ್ರ ಅಡ್ಡ ಮಲಗುತ್ತದೆ, ಸ್ಟೀರಿಂಗ್ ಕೈಯಲ್ಲಿರುವುದಿಲ್ಲ. ಸಂಡೂರಿನ ಇಳಿಜಾರಿನಲ್ಲಿ ಹಿಂದೆ ಅದಿರು ತುಂಬಿದ ಲಾರಿ ಇದ್ದಾಗ ಹಾಗಾದರೆ ಏನು ಎಂದು ಯೋಚಿಸಿ ನೋಡಿ. ಎರಡು ಸದ್ದುಗಳಲ್ಲಿ ಯಾವುದು ಬರೀ ಕಿರಿಕಿರಿ, ಯಾವುದು ಅಪಾಯ ಎಂದು ಹೇಳಬಲ್ಲವನು ಗಾಡಿಯ ಕೆಳಗೆ ಮಲಗಿ ನೋಡಿದವನು ಮಾತ್ರ. ಹಾಗೆ ಮಲಗುವಾಗ ಬರೀ ಜಾಕ್ ನಂಬದೆ ಸ್ಟ್ಯಾಂಡ್ ಇಡುವ ಗ್ಯಾರೇಜಿಗೇ ಹೋಗಿ. ತನ್ನ ಜೀವ ನೋಡಿಕೊಳ್ಳುವವನು ನಿಮ್ಮದನ್ನೂ ನೋಡಿಕೊಂಡಾನು.

ಕೊಳ್ಳುವ ಮುಂಚೆಯೇ ಈ ಕೂಲಿ ಖರ್ಚು ಮಾಡಿದರೆ ಇನ್ನೂ ಲಾಭ. ಮಾರುವವರಲ್ಲಿ ಕೆಲವರು ಹಿಂದಿನ ದಿನ ಗಾಡಿಯ ಕೆಳಗೆಲ್ಲ ತೊಳೆಸಿ ಬುಷ್‌ಗಳಿಗೆ ಎಣ್ಣೆ ಸ್ಪ್ರೇ ಹೊಡೆದಿರುತ್ತಾರೆ. ಒಂದೆರಡು ದಿನ ಸದ್ದು ಅಡಗಿರುತ್ತದೆ, ಆಮೇಲೆ ಆ ಎಣ್ಣೆಯೇ ರಬ್ಬರನ್ನು ತಿನ್ನುತ್ತದೆ. ಹದಿನೈದು ವರ್ಷದ ಗಾಡಿಯ ಕೆಳಭಾಗ ಮದುಮಗನಂತೆ ಹೊಳೆಯುತ್ತಿದ್ದರೆ ಸಂಶಯ ಪಡಿ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಅದರ ಹಿಂದೆ ಸವೆದ ಬುಷ್ ಇರಬಹುದು. 15 ವರ್ಷ ತುಂಬುವ ಗಾಡಿಗೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಆ ಖರ್ಚೂ ನಿಮ್ಮದೇ.

ಹಂಪ್‌ಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಆಮೆಯ ಬೆನ್ನಿನಂತೆ ಇಳಿಜಾರು. ನಮ್ಮೂರಿನವು ಗದ್ದೆಯ ಬದುವಿನಂತಿವೆ. ಮಗುವಿಗೆ ಗಾಡಿ ಗುದ್ದಿದ ಮೇಲೆ ಊರವರು ರಾತ್ರೋರಾತ್ರಿ ಹಾಕಿದ ಹಂಪನ್ನು ತೆಗೆಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದನ್ನು ಅಳತೆಗೆ ತಂದು ಬಿಳಿ ಪಟ್ಟಿ ಬಳಿಸುವುದು ಇಲಾಖೆಯ ಕೆಲಸ. ಕಾರಿಗಿಂತ ಹೆಚ್ಚಾಗಿ ಆಟೊದಲ್ಲಿ ಆಸ್ಪತ್ರೆಗೆ ಹೊರಟ ಬಸುರಿಯರಿಗಾಗಿ ಅದನ್ನು ಮಾಡಬೇಕು.

ಈಗ ಮೇಸ್ತ್ರಿಗಳ ಪಾಲು. ಕೂಲಿ ಕೇಳುವ ಹಕ್ಕಿನ ಜೊತೆ ತೋರಿಸುವ ಹೊಣೆಯೂ ಬರುತ್ತದೆ. ಮಾಲೀಕನನ್ನು ಕರೆದು ಆಟ ಎಲ್ಲಿದೆ, ಬಿರುಕು ಎಲ್ಲಿದೆ ಎಂದು ತೋರಿಸಿ. ಹೊಸ ಬುಷ್ ಹಾಕಿದರೂ ಕೆಲವೇ ತಿಂಗಳಲ್ಲಿ ಸದ್ದು ಮರಳುವುದಕ್ಕೆ ಪ್ರತಿ ಸಲವೂ ಡುಪ್ಲಿಕೇಟ್ ಪಾರ್ಟೇ ಕಾರಣವಲ್ಲ. ಗಾಡಿ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬುಷ್ಷಿನ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಅದು ಬೇಗ ಹರಿಯದೆ ಇನ್ನೇನು? ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ, ಅದೂ ಟಾರ್ಕ್ ರೆಂಚಿನಲ್ಲಿ, ಆಮೇಲೆ ಅಲೈನ್‌ಮೆಂಟ್. ಲಾರಿ ಕಮಾನು ಪಟ್ಟಿ ಕಟ್ಟಿ ಪಳಗಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ಇದನ್ನು ಕಲಿಯಲಾರವು ಎಂದು ಬೆಂಗಳೂರಿನವರು ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಒಂದು ಗಂಟೆ ತಾಳ್ಮೆಯಿಂದ ಹುಡುಕಿದರೆ ಆ ಗಂಟೆಗೆ ಬೆಲೆಯಿದೆ ಎಂದು ಗೊತ್ತಾದರೆ ತಾನೇ ಕಲಿಯುವುದು?

ಹಾಗಾಗಿ ಗಾಡಿ ಬಿಡುವ ಮೊದಲೇ ಮಾತಾಡಿ. ಹುಡುಕಿದ್ದಕ್ಕೆ ಇಷ್ಟು, ಕೆಲಸ ಇಲ್ಲಿ ಮಾಡಿಸಲಿ ಬಿಡಲಿ. ಬಿಲ್ಲಿನಲ್ಲಿ “ಪತ್ತೆ ಕೂಲಿ” ಎಂದು ಒಂದು ಸಾಲು ಬರೆಸಿ, ಯಾವ ಕಡೆಯ ಯಾವ ಪಾರ್ಟ್ ಹೋಗಿದೆ ಎಂಬುದೂ ಅದರಲ್ಲಿರಲಿ. ನಿಮ್ಮನ್ನು ಕೇಳದೆ ಎರಡನೇ ಪಾರ್ಟ್ ಬಿಚ್ಚಬಾರದು ಎಂದೂ ಹೇಳಿಬಿಡಿ. ಬದಲಿಸಿದ ಹಳೆಯ ಪಾರ್ಟ್ ಕೇಳಿ ತೆಗೆದುಕೊಂಡು ಬನ್ನಿ. ಡಿಕ್ಕಿಯಲ್ಲಿ ಹಾಕುವಾಗ ಗೋಣಿಚೀಲದಲ್ಲಿ ಸುತ್ತಿ ಕಟ್ಟಿ, ಇಲ್ಲದಿದ್ದರೆ ಕಮಲಾಪುರ ದಾಟುವ ಮೊದಲೇ ಮತ್ತೆ ಟಕ್ ಟಕ್ ಶುರುವಾಗುತ್ತದೆ.