ಮನೆಮಾತು: ಡೇರೆ ಎಲ್ಲಿ ಹೂಡುವುದು?

ಪರೀಕ್ಷೆಗಳು ಮುಗಿದುವೆಂದರೆ ಮಕ್ಕಳಿಗೆ ರೆಕ್ಕೆ ಮೂಡುತ್ತದೆ. ತಂದೆಯ ಜೇಬಿಗೆ ಕತ್ತರಿ ಬೀಳುತ್ತದೆ. ಹಿಂದಿನವರಿಗೆ ಕಾರ್ತಿಕ ಮಾಸದ ಒಂದು ವನಭೋಜನ ಸಾಕಾಗಿತ್ತು. ನೆಲ್ಲಿಯ ಮರದಡಿ ಎಲೆ ಹಾಕಿ ಉಂಡು, ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತಿದ್ದರು. ಇಂದಿನ ಮಕ್ಕಳಿಗೆ ಹಗಲು ಮಾತ್ರ ಸಾಲದು, ಇರುಳೂ ಬೇಕು. ನೀರಿನ ದಡದಲ್ಲಿ ಡೇರೆ ಹೂಡಬೇಕು, ನಕ್ಷತ್ರ ನೋಡುತ್ತ ಮಲಗಬೇಕು ಎಂಬ ಹಂಬಲ.

ಮೈಸೂರಿನ ವಿಜಯನಗರದ ಎರಡನೆಯ ಹಂತದಲ್ಲಿರುವ ಒಂದು ಮನೆಯಲ್ಲಿ ಈ ಹಂಬಲ ಕಳೆದ ತಿಂಗಳು ತಲೆದೋರಿತು. ಮನೆಯ ಯಜಮಾನರು ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವವರು, ಗೃಹಿಣಿ ಶಾಲೆಯ ಉಪಾಧ್ಯಾಯಿನಿ, ಮಕ್ಕಳು ಇಬ್ಬರು. ಇವರೊಡನೆ ಯಜಮಾನರ ತಂದೆ, ಎಪ್ಪತ್ತೈದು ದಾಟಿದ ವೃದ್ಧರು. ಮಾತು ಕಡಿಮೆ. ಹಜಾರದ ಕಿಟಕಿಯ ಪಕ್ಕದ ಕುರ್ಚಿಯೇ ಅವರ ಸ್ಥಾನ.

ಹಿರಿಯ ಮಗ ಮೊಬೈಲಿನಲ್ಲಿ ನೋಡಿ ನಾಲ್ವರು ಮಲಗುವಂಥ ಒಂದು ಡೇರೆಯನ್ನು ತರಿಸಿಯೂ ಬಿಟ್ಟಿದ್ದ. ಇನ್ನು ಉಳಿದುದು ಒಂದೇ ಪ್ರಶ್ನೆ: ಅದನ್ನು ಎಲ್ಲಿ ಹೂಡುವುದು?

"ನೀರು ನೋಡುವುದೇ ಆದರೆ ಕುಕ್ಕರಹಳ್ಳಿ ಕೆರೆ ಇಲ್ಲವೆ? ನೋಡಿಕೊಂಡು ಬಂದು ಮನೆಯಲ್ಲೇ ಮಲಗಬಹುದು" ಎಂದರು ಗೃಹಿಣಿ. ಈ ಸಲಹೆಗೆ ಒಂದು ಮತವೂ ಬೀಳಲಿಲ್ಲ. ಯಜಮಾನರು ಕನ್ನಂಬಾಡಿಯ ಹಿನ್ನೀರನ್ನು ಸೂಚಿಸಿದರು. ಹತ್ತಿರವೇನೋ ಹೌದು, ಆದರೆ ಭಾನುವಾರಗಳಂದು ಅಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆಂದು ಮಗಳು ಮೂಗು ಮುರಿದಳು. ಕೊನೆಗೆ ಎಲ್ಲರೂ ಒಪ್ಪಿದುದು ಕಬಿನಿಯ ಹಿನ್ನೀರು. ಹೆಗ್ಗಡದೇವನಕೋಟೆಗೆ ಸುಮಾರು 50 ಕಿಲೋಮೀಟರು. ಅಲ್ಲಿಂದ ಅಂತರಸಂತೆಯ ಮೇಲೆ ಕಾರಾಪುರಕ್ಕೆ ಇನ್ನಷ್ಟು ದಾರಿ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ 1973ರಲ್ಲಿಯೇ ಹುಲಿ ಯೋಜನೆಗೆ ಸೇರಿದ ಬಂಡೀಪುರ, ನಡುವೆ ನೀರು.

ಇದೆಲ್ಲ ನಡೆಯುತ್ತಿದ್ದಾಗ ತಾತ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ನೆಲದ ಮೇಲೆ ಮಲಗುವ ವಯಸ್ಸಲ್ಲವೆಂದು ಅವರನ್ನು ಎರಡು ದಿನದ ಮಟ್ಟಿಗೆ ಮಗಳ ಮನೆಗೆ ಕಳುಹಿಸುವುದೆಂದು ಆಗಲೇ ನಿಶ್ಚಯವಾಗಿತ್ತು.

ವಿಚಾರಿಸುತ್ತ ಹೋದಂತೆ ತೊಡಕುಗಳು ಒಂದೊಂದಾಗಿ ಹೊರಬಿದ್ದುವು. ರಾಷ್ಟ್ರೀಯ ಉದ್ಯಾನದ ನೆಲದಲ್ಲಿ ತಮಗೆ ತೋಚಿದಲ್ಲಿ ಡೇರೆ ಹೂಡುವಂತಿಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಅಲ್ಲಿ ಕಾಲಿಡುವುದಕ್ಕೇ ಅನುಮತಿ ಬೇಕು. ಬೆಂಕಿ ಹಾಕಿ ಅನ್ನ ಬೇಯಿಸುವ ಮಾತಂತೂ ಎತ್ತುವ ಹಾಗೇ ಇಲ್ಲ. ಕಾಡಿನೊಳಗಿನ ರಸ್ತೆಯಲ್ಲಿ ರಾತ್ರಿಯ ಸಂಚಾರವೂ ನಿಷಿದ್ಧ. ಕಾರಾಪುರದಲ್ಲಿ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರವಿದೆ. 1980ರಲ್ಲಿ ಹುಟ್ಟಿದ ಈ ಸಂಸ್ಥೆ ಮಹಾರಾಜರ ಕಾಲದ ಬೇಟೆಯ ಬಂಗಲೆಗಳನ್ನು ಪ್ರವಾಸಿಗರಿಗೆ ತೆರೆದಿಟ್ಟಿದೆ; ಡೇರೆಯ ಕೊಠಡಿಗಳೂ ಅಲ್ಲುಂಟು. ಆದರೆ ದರ ತಲೆಗೆ ಇಷ್ಟೆಂದು. ನಾಲ್ಕು ತಲೆಗಳ ಲೆಕ್ಕವನ್ನು ಯಜಮಾನರು ಕಾಗದದ ಮೇಲೆ ಎರಡು ಸಲ ಕೂಡಿದರು. ಎರಡು ಸಲವೂ ಮೊತ್ತ ಒಂದೇ ಬಂದುದರಿಂದ ಲೇಖನಿ ಕೆಳಗಿಟ್ಟರು.

"ಜೂನ್ ಕಳೆದ ಮೇಲೆ ಹೋದರೆ? ಆಗ ನೀರು ತುಂಬಿ ನೋಡಲು ಚೆಂದ" ಎಂದ ಮಗ.

"ಆಗ ಬೇಡ."

ಎಲ್ಲರೂ ಹಿಂತಿರುಗಿ ನೋಡಿದರು. ಮಾತನಾಡಿದವರು ತಾತ.

"ವಯನಾಡಿನಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಸಂಜೆ ಒಣಗಿದ್ದ ಜಾಗ ಬೆಳಗಾಗುವುದರೊಳಗೆ ನೀರಿನಡಿ ಹೋಗಿರುತ್ತದೆ. ಹೋಗುವುದಾದರೆ ಏಪ್ರಿಲ್‌ನಲ್ಲಿ ಹೋಗಿ. ನೀರು ಇಳಿದಿರುತ್ತದೆ, ಹೊಸ ಹುಲ್ಲಿಗೆ ಆನೆಗಳು ದಡಕ್ಕೆ ಬರುತ್ತವೆ. ಆದರೆ ನೀರಿನ ಅಂಚಿಗೆ ಹೋಗಬೇಡಿ. ಮೇಲೆ ಬಿರುಕು ಬಿಟ್ಟ ಒಣಮಣ್ಣು ಕಾಣುತ್ತದೆ, ಕೆಳಗೆ ಹುದುಲು. ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಮೊಸಳೆಯೂ ಉಂಟು."

"ನಿಮಗೆ ಇದೆಲ್ಲ ಹೇಗೆ ಗೊತ್ತು, ತಾತ?" ಎಂದಳು ಮೊಮ್ಮಗಳು.

"ನಮ್ಮ ಊರು ಅಲ್ಲೇ ಅಲ್ಲವೆ, ಮಗು."

"ಎಲ್ಲಿ? ದಡದಲ್ಲಿಯೆ?"

"ದಡದಲ್ಲಲ್ಲ. ಒಳಗೆ."

ತಂದೆಯ ಊರು ಮುಳುಗಡೆಯಾಯಿತೆಂಬುದು ಯಜಮಾನರಿಗೆ ತಿಳಿಯದ ಸಂಗತಿಯಲ್ಲ. ಆದರೆ ಅವರು ಹುಟ್ಟಿದುದು ಹೊಸ ಊರಿನಲ್ಲಿ, ಓದಿದುದು ಮೈಸೂರಿನಲ್ಲಿ. ಅರ್ಜಿಯೊಂದರಲ್ಲಿ ಬರೆದುಬಿಡುವ ಒಂದು ಸಾಲಿನಂತೆ ಅದು ಅವರ ಮನಸ್ಸಿನಲ್ಲಿ ಉಳಿದಿತ್ತು. ಮುಂದೇನೆಂದು ಅವರು ಎಂದೂ ಕೇಳಿರಲಿಲ್ಲ, ತಂದೆ ಹೇಳಿರಲಿಲ್ಲ.

ಬೀಚನಹಳ್ಳಿಯ ಬಳಿ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ನೀರಿನ ಗರಿಷ್ಠ ಮಟ್ಟ ಸಮುದ್ರಪಾತಳಿಯಿಂದ 2,284 ಅಡಿ. ಹಿಡಿಯುವ ನೀರು 19.52 ಟಿ.ಎಂ.ಸಿ. ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಅದರಲ್ಲಿ ಮುಳುಗಿದುವು. ಒಂದು ಕಾಲಕ್ಕೆ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರ, ಅಂದರೆ ಕಿತ್ತೂರು, ಇವುಗಳಲ್ಲಿ ಒಂದು. ಕಾಡಿನೊಳಗೆ ಬಾಳುತ್ತಿದ್ದ ಕುರುಬರ ಹಾಡಿಗಳೂ ನೆಲೆ ತಪ್ಪಿದುವು. ಮಹಾರಾಜರ ಅತಿಥಿಗಳೆಲ್ಲ ಡೇರೆಗಳಲ್ಲಿ ಬೀಡುಬಿಟ್ಟು ನೋಡುತ್ತಿದ್ದ ಕಾಕನಕೋಟೆಯ ಖೆಡ್ಡಾ 1971ರಲ್ಲಿ ಕೊನೆಯ ಬಾರಿ ನಡೆಯಿತು.

ಆ ಖೆಡ್ಡಾದಲ್ಲಿ ತಾತ ತಮ್ಮ ಓರಗೆಯವರೊಡನೆ ಕೂಲಿಗೆ ಹೋಗಿದ್ದರು. ಮೂರು ವರ್ಷಗಳಲ್ಲಿ ನೀರು ಬಂದಿತು. ಬಾಗಿಲು, ತೊಲೆ, ಹೆಂಚುಗಳನ್ನು ಬಿಚ್ಚಿ ಗಾಡಿಗೆ ಹೇರಿದುದು, ಹಸು ಮೂರು ಸಲ ಹಳೆಯ ಕೊಟ್ಟಿಗೆಗೇ ಓಡಿಹೋದುದು, ನಾಲ್ಕನೆಯ ಸಲ ಹುಡುಕಲು ಹೋದಾಗ ಕೊಟ್ಟಿಗೆಯೊಳಗೆ ಮೊಣಕಾಲುದ್ದ ನೀರು ನಿಂತಿದ್ದುದು, ಇಷ್ಟನ್ನೂ ಅವರು ಹೇಳಿದುದು ಹತ್ತು ನಿಮಿಷಗಳಲ್ಲಿ. ದನಿಯಲ್ಲಿ ದೂರಿರಲಿಲ್ಲ. "ಕೆಳಗಿನವರ ಗದ್ದೆಗೆ ನೀರಾಯಿತು. ಮೈಸೂರಿಗೂ ಈಗ ಕಬಿನಿಯ ನೀರು ಬರುತ್ತದೆ. ಕನ್ನಂಬಾಡಿ ಕಟ್ಟಿದಾಗ ಅಲ್ಲಿಯ ಊರು ಮುಳುಗಲಿಲ್ಲವೆ? ನಲ್ಲಿ ತಿರುಗಿಸಿದಾಗ ಬರುವ ನೀರು ಒಬ್ಬರಲ್ಲ ಒಬ್ಬರ ಮನೆಯ ಮೇಲೆ ನಿಂತು ಬಂದದ್ದೇ" ಎಂದು ಮುಗಿಸಿದರು.

ಗೃಹಿಣಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕಾಫಿ ತಂದು ಮೊದಲ ಲೋಟವನ್ನು ಮಾವನವರ ಕೈಗಿತ್ತು, "ಮಾವ, ನೀವೂ ಬರುತ್ತೀರಿ. ಎಲ್ಲಿ ಮಲಗಬೇಕೆಂದು ನೀವೇ ಹೇಳಿ" ಎಂದರು.

ಆ ಮೇಲಿನ ಯೋಜನೆಯೆಲ್ಲ ತಾತನದು. ಹೊಸ ಊರಿನಲ್ಲಿ ಅವರ ಚಿಕ್ಕಪ್ಪನ ಮಗನ ಮನೆಯಿದೆ. ಹೊಲದಲ್ಲಿ ಡೇರೆ ಕೂಡದು. ರಾತ್ರಿ ಆನೆ ಇಳಿಯುವ ಜಾಗ. ಮನೆಯ ಮುಂದಿನ ಅಂಗಳದಲ್ಲಿ ಹೂಡಬಹುದು. ಮಕ್ಕಳು ಡೇರೆಯಲ್ಲಿ, ಹಿರಿಯರು ಜಗಲಿಯ ಮೇಲೆ. ಹಗಲು ಬೆಳಕಿನಲ್ಲಿ ಮನೆಯವರೊಬ್ಬರನ್ನು ಕರೆದುಕೊಂಡು ನೀರು ನೋಡಿ ಬರುವುದು. ಹೊತ್ತಿಳಿಯುವ ಮೊದಲೇ ಹಿಂತಿರುಗುವುದು.

ಹೊರಡುವ ಮೊದಲು ಒಂದು ರಾತ್ರಿ ಮನೆಯ ತಾರಸಿಯ ಮೇಲೆ ಡೇರೆಯನ್ನು ಕಟ್ಟಿ ನೋಡಬೇಕೆಂಬುದೂ ಅವರ ಆಜ್ಞೆಯೇ. ಅದು ಎಷ್ಟು ವಿವೇಕದ ಮಾತೆಂಬುದು ಅಂದೇ ತಿಳಿಯಿತು. ಕಾಂಕ್ರೀಟಿಗೆ ಗೂಟ ಇಳಿಯದೆ, ಹಗ್ಗಗಳನ್ನು ನೀರಿನ ತೊಟ್ಟಿಗೂ ಬಟ್ಟೆ ಒಣಹಾಕುವ ಕಂಬಕ್ಕೂ ಕಟ್ಟಬೇಕಾಯಿತು. ನಾಲ್ವರಿಗೆಂದು ಬರೆದಿದ್ದ ಡೇರೆಯಲ್ಲಿ ಮಲಗಲು ಸಾಧ್ಯವಾದುದು ಇಬ್ಬರಿಗೆ. ಸೊಳ್ಳೆಗಳಿಗೆ ಮಾತ್ರ ಒಳಗೆ ಧಾರಾಳವಾಗಿ ಸ್ಥಳವಿತ್ತು. ಬ್ಯಾಟರಿಯಲ್ಲಿ ಸೆಲ್ಲಿಲ್ಲವೆಂಬುದು ನಡುರಾತ್ರಿ ಬೆಳಕಿಗೆ, ಅಂದರೆ ಕತ್ತಲೆಗೆ, ಬಂದಿತು. ಇಂಥ ಸಂಗತಿಗಳು ತಾರಸಿಯ ಮೇಲೆಯೇ ಗೊತ್ತಾಗುವುದು ಲೇಸು. ಅಲ್ಲಿಂದ ಹಾಸಿಗೆಗೆ ಹದಿನೆಂಟೇ ಮೆಟ್ಟಿಲು.

ಮರುದಿನ ಗೃಹಿಣಿ ಪಟ್ಟಿ ಬರೆಯಲು ಕುಳಿತರು. ಜಮಖಾನ, ಕಂಬಳಿ, ಸೊಳ್ಳೆಪರದೆ, ಸೆಲ್ಲು ಹಾಕಿದ ಬ್ಯಾಟರಿ, ಕುದಿಸಿ ಆರಿಸಿದ ನೀರು, ತಾತನ ಮಾತ್ರೆಗಳು, ರಾಗಿ ಹುರಿಹಿಟ್ಟು, ಬೆಲ್ಲ, ಪುಳಿಯೋಗರೆಯ ಗೊಜ್ಜು; ನೆಂಟರ ಮನೆಗೆ ಹಣ್ಣು, ಎಲೆ, ಅಡಕೆ, ಒಂದು ಸೀರೆ. ಕಸ ಹಾಕಿ ವಾಪಸು ತರಲು ಒಂದು ಚೀಲ. "ಇನ್ನೇನಾದರೂ ಬೇಕೆ, ಮಾವ?"

"ಒಂದು ತೆಂಗಿನಕಾಯಿ ಬರೆದುಕೋ, ತಾಯಿ."

"ದೇವಸ್ಥಾನಕ್ಕೆ ಹೋಗುವುದುಂಟೆ?"

"ಹೋಗುವ ಹಾಗಿಲ್ಲ. ದಡದಲ್ಲಿ ನಿಂತು ಬಿಟ್ಟರಾಯಿತು. ತಲುಪುತ್ತದೆ."

ಗೃಹಿಣಿ ಪಟ್ಟಿಯ ಮೊದಲ ಸಾಲಿನ ಮೇಲೆ ಸ್ಥಳ ಮಾಡಿ ಅದನ್ನು ಬರೆದುಕೊಂಡರು.

ರಜೆಯ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ಮನೆಗಳಲ್ಲಿ ನಕ್ಷೆಯೂ ಉಂಟು, ದೂರದ ಲೆಕ್ಕವೂ ಉಂಟು. ಅವುಗಳನ್ನು ತೆರೆಯುವ ಮೊದಲು ಕಿಟಕಿಯ ಬಳಿ ಕುಳಿತವರನ್ನು ಒಮ್ಮೆ ಕೇಳಿದರೆ ನಷ್ಟವೇನಿಲ್ಲ. ದಾರಿ ಅವರಿಗೆ ಗೊತ್ತಿರಬಹುದು.