ಹಗ್ಗ ಕಂಡರೆ ಓಡುವ ಕುದುರೆ

ಕುದುರೆ ಕಂಡರೆ ಕಾಲುನೋವು ಅನ್ನುವುದು ನಮ್ಮ ಗಾದೆ. ಹಗ್ಗ ಕಂಡರೆ ಕಾಲು ಚುರುಕಾಗುವ ಕುದುರೆಗಳೂ ಇವೆ. ಅಟ್ಟಿಸಿಕೊಂಡು ಹೋದರೆ ಅವು ಕೈಗೆ ಸಿಗುವುದಿಲ್ಲ. ಎರಡು ಕಾಲಿನವರು ನಾಲ್ಕು ಕಾಲಿನ ಜೊತೆ ಓಡಿ ಗೆದ್ದದ್ದುಂಟೇ?

ವಿಶಾಖಪಟ್ಟಣದ ಆರ್‌ಕೆ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಅಂಥದ್ದೊಂದು ಹೆಣ್ಣು ಕುದುರೆ ಇದೆ. ಮಧ್ಯಾಹ್ನ ಖಾಲಿ ಸೈಟಿನಲ್ಲಿ ಮೇಯಲು ಬಿಟ್ಟರೆ ಮತ್ತೆ ಹಿಡಿಯುವಷ್ಟರಲ್ಲಿ ಕತ್ತಲು. ಬೀಚಿಗೆ ಜನ ಸೇರುವುದೇ ಸಂಜೆ. ಆ ಎರಡು ಗಂಟೆ ಕೈತಪ್ಪಿದರೆ ಹುರುಳಿಗೂ ಕಾಸು ಹುಟ್ಟುವುದಿಲ್ಲ. "ಅಮ್ಮೇಸ್ತಾನು ಸಾರ್" ಅಂದ ಅದರ ಯಜಮಾನ. ಮಾರಿಬಿಡುತ್ತೇನೆ ಅಂತ. ಕೈಗೆ ಸಿಗದ ಕುದುರೆಯನ್ನು ಕೊಂಡವರು ಅದನ್ನು ಹೇಗೆ ನೋಡಿಕೊಂಡಾರು ಅನ್ನುವುದೂ ಅವನಿಗೆ ಗೊತ್ತಿತ್ತು. (ತೆಲುಗಿನಲ್ಲಿ ಕುದುರೆಗೆ ಗುರ್ರಂ ಅನ್ನುತ್ತಾರೆ, 'ಕುದುರು' ಅಂದರೆ ಸ್ಥಿಮಿತ. ನಮ್ಮ ಪದ ಕೇಳಿ ಅವನು ನಕ್ಕ: ಇದಕ್ಕೆ ಕುದುರು ಎಲ್ಲಿದೆ ಸಾರ್?)

ನಾನು ಕುಣಿಗಲ್ ಕಡೆಯವನು. ಟಿಪ್ಪು ತನ್ನ ಸೈನ್ಯಕ್ಕೆ ಕುದುರೆ ಸಾಕಿಸಿದ ಊರದು. ಆದರೂ ಈ ವಿದ್ಯೆ ನನ್ನ ಕಿವಿಗೆ ಬಿದ್ದದ್ದು ವಿಜಯವಾಡದಲ್ಲಿ. ಪ್ರಾಜೆಕ್ಟ್ ಕೆಲಸಕ್ಕೆಂದು ಹದಿನೈದು ದಿನಕ್ಕೊಮ್ಮೆ ರತ್ನಾಚಲ್ ಹತ್ತಿ 350 ಕಿಲೋಮೀಟರ್ ಹೋಗುತ್ತೇನೆ. ಅಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಒಬ್ಬ ತಾತ ಇದ್ದಾರೆ. ಅವರ ತಂದೆ ಜಟಕಾ ಓಡಿಸಿದವರು. ಬೀಚಿನ ಕಥೆ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: ಕೆಲಸವಿಲ್ಲದಾಗ ಅದನ್ನು ಯಾವತ್ತಾದರೂ ಹಿಡಿದಿದ್ದಾನಾ?

ಇಲ್ಲ. ಹಗ್ಗ ಬಂತೆಂದರೆ ಮೇವು ಮುಗಿಯಿತು. ಇನ್ನು ಜೀನು, ಮರಳು, ಬೆನ್ನ ಮೇಲೆ ಕಿರುಚುವ ಮಗು. ನಾವು ಹಟ ಅನ್ನುವುದು ಕುದುರೆ ಸರಿಯಾಗಿಯೇ ಕಲಿತ ಲೆಕ್ಕ. ಹುರುಳಿ ಬುಟ್ಟಿ ತೋರಿಸಿ ತಟಕ್ಕನೆ ಹಿಡಿದರೆ ನಾಲ್ಕು ದಿನದಲ್ಲಿ ಬುಟ್ಟಿಯನ್ನೂ ನಂಬುವುದಿಲ್ಲ.

ತಾತನ ಉಪಾಯ: ದಿನಕ್ಕೆ ನಾಲ್ಕೈದು ಸಲ ಹಗ್ಗ ಹಾಕು, ಒಂದು ಹಿಡಿ ಹುರುಳಿ ಕೊಡು, ಬಿಟ್ಟುಬಿಡು. ಕೆಲಸಕ್ಕೆ ಹಿಡಿಯುವುದು ಅದರಲ್ಲಿ ಒಂದೇ ಸಲ. ಕತ್ತು ಬೆನ್ನಿಗೆ ಸೇರುವ ಉಬ್ಬನ್ನು ಕೆರೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವ ಜಾಗವದು. ಅಲ್ಲಿ ಕೆರೆದರೆ ಎದೆಬಡಿತವೂ ಇಳಿಯುತ್ತದೆ.

ಹತ್ತಿರ ಹೋಗುವುದಕ್ಕೂ ಒಂದು ರೀತಿ ಇದೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿ. ಹಣೆಯ ಮುಂದೆ, ಬಾಲದ ಹಿಂದೆ ಸ್ವಲ್ಪ ಬಿಟ್ಟರೆ ಸುತ್ತಲೂ ಕಾಣುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೇರ ಬರುವುದು ಬೇಟೆಯಾಡುವ ಪ್ರಾಣಿಯ ನಡಿಗೆ. ಆದ್ದರಿಂದ ಓರೆಯಾಗಿ, ಭುಜದ ಕಡೆಗೆ ನಡೆಯಬೇಕು. ಅದು ತಲೆಯೆತ್ತಿದೊಡನೆ ನಿಲ್ಲಬೇಕು. ನಿಮ್ಮತ್ತ ತಿರುಗಿತೋ, ಎರಡು ಹೆಜ್ಜೆ ಹಿಂದೆ. ಆ ಹೆಜ್ಜೆಯೇ ಅದರ ಕೂಲಿ, ಕೂಡಲೇ ಕೊಡಬೇಕು. ನಮ್ಮ ಅಪ್ರೈಸಲ್ ಥರ ಮಾರ್ಚ್‌ವರೆಗೆ ಕಾಯಿಸಿದರೆ ಯಾವುದಕ್ಕೆ ಸಿಕ್ಕಿತೆಂದೇ ತಿಳಿಯದು.

"ಹಿಡಿದು ಬಿಡೋದಾ?" ಅಂತ ಬೀಚಿನವನು ನಕ್ಕ. ಆದರೂ ಮಾಡಿದ. ಮೊದಲ ವಾರ ಎರಡು ಸಂಜೆಯ ದುಡಿಮೆ ಹೋಯಿತು. ಅವನ ಮುಖ ನೋಡುವುದೇ ಕಷ್ಟವಾಗಿತ್ತು. ಮೂರನೇ ಭಾನುವಾರ ಅವನು ಹಗ್ಗ ಹೆಗಲಿಗೆ ಹಾಕಿ, ಕುದುರೆಗೆ ಬೆನ್ನು ಮಾಡಿ ನಿಂತಿದ್ದ. ಅದು ಹತ್ತು ಹೆಜ್ಜೆ ದೂರದವರೆಗೆ ಬಂತು, ಮೂಸಿತು, ಹೊರಟುಹೋಯಿತು. ಅರ್ಧ ಗಂಟೆಗೆ ಮತ್ತೆ ಬಂತು. ಮಾರುವ ಮಾತು ಸದ್ಯಕ್ಕೆ ದಸರೆವರೆಗೆ ಮುಂದಕ್ಕೆ ಹೋಗಿದೆ.

ಸಿಟ್ಟು ಬಂದ ದಿನ ಮಾತ್ರ ಕುದುರೆಯ ಹತ್ತಿರ ಹೋಗಬೇಡ ಅನ್ನುತ್ತಾರೆ ತಾತ. ಗ್ರೀಕರ ಕ್ಸೆನೊಫೋನ್ ಕ್ರಿ.ಪೂ. 4ನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಬಿಡುವಾಗ ಅದರ ಮುಖ ನಮ್ಮತ್ತ ತಿರುಗಿಸಿಕೊಂಡು ಹಗ್ಗ ತೆಗೆಯಬೇಕು, ಒಂದು ಹಿಡಿ ಕೊಟ್ಟು ನಾವೇ ಮೊದಲು ಹೊರಡಬೇಕು. ಇಲ್ಲದಿದ್ದರೆ ಅದು ಜಿಗಿದು ಓಡುವಾಗ ಒದೆ ಗ್ಯಾರಂಟಿ.