ನೀರಿನ ಮೇಲೆ ಮೀನಿನ ಅಳತೆ

ಮಳೆಗಾಲವು ಕಳೆದು ನೇತ್ರಾವತಿ ಕುಮಾರಧಾರೆಗಳ ನೀರು ತಿಳಿಯಾದ ಮೇಲೆ, ನಮ್ಮ ಉಪ್ಪಿನಂಗಡಿಯ ಸುತ್ತುಮುತ್ತಲ ಊರುಗಳಲ್ಲಿ ಗಾಳ ಹಿಡಿದು ಹೊಳೆಗೆ ಹೋಗುವವರು ಇದ್ದೇ ಇರುವರು. ದೋಣಿಯಿಲ್ಲದವನಿಗೆ ಲಾರಿಯ ಚಕ್ರದ ರಬ್ಬರ್ ಟ್ಯೂಬೇ ದೋಣಿ. ಪರದೇಶಗಳಲ್ಲಿ ಇಂಥ ಟ್ಯೂಬಿಗೆ ಆಸನವನ್ನು ಹೊಲಿದು, ಕಾಲಿಗೆ ಈಜುರೆಕ್ಕೆಗಳನ್ನು ಕಟ್ಟಿಕೊಂಡು, ಸೊಂಟದವರೆಗೆ ನೀರಿನಲ್ಲಿದ್ದು ಗಾಳ ಹಾಕುವ ಪದ್ಧತಿಯು ರೂಢವಾಗಿದೆ. ಇದನ್ನು ಕೇವಲ ನೂತನವೆಂದು ಭಾವಿಸಬೇಕಾದುದಿಲ್ಲ. ಸೈನ್ಯವನ್ನು ನದಿ ದಾಟಿಸುವ ಸಾಧನಗಳನ್ನು ಎಣಿಸುವಲ್ಲಿ ಕೌಟಿಲ್ಯನು ಸೋರೆಬುರುಡೆಯನ್ನೂ ‘ದೃತಿ’ ಎಂಬ ತೊಗಲಿನ ಚೀಲವನ್ನೂ ಹೇಳಿಯೇ ಇದ್ದಾನೆ.

ಹೀಗೆ ತೇಲುವವನು ಹಿಡಿದ ಮೀನನ್ನು ಅಳೆಯುವುದೆಂತು? ನಾವು ಮೀನು ತಿನ್ನುವವರಲ್ಲ. ಆದರೆ ಮೂವತ್ತು ವರ್ಷಕ್ಕೆ ಮಿಕ್ಕಿ ಮಕ್ಕಳಿಗೆ ಅಳತೆಯ ಲೆಕ್ಕವನ್ನು ಕಲಿಸಿದವರಾದುದರಿಂದ ಈ ಪ್ರಶ್ನೆಯು ನಮ್ಮದೂ ಹೌದು. ದಡದಲ್ಲಿರುವವನಿಗೆ ನೆಲವಿದೆ, ಹಲಗೆಯಿದೆ. ತೇಲುವವನಿಗಾದರೋ ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದರಲ್ಲಿ ಒದ್ದಾಡುವ ಮೀನು. ಆದಕಾರಣ ಅಳತೆಯ ಸಿದ್ಧತೆಯೆಲ್ಲವೂ ನೀರಿಗಿಳಿಯುವ ಮೊದಲೇ ಆಗಿರತಕ್ಕದ್ದು.

ಎಲ್ಲಕ್ಕಿಂತ ಸುಲಭವಾದುದು ಕೋಲಿನ ಮೇಲೆಯೇ ಗುರುತು ಮಾಡುವುದು. ಹಿಡಿಯ ತುದಿಯಿಂದ ಆರಂಭಿಸಿ ಐದೈದು ಸೆಂಟಿಮೀಟರಿಗೆ ಬಣ್ಣದ ಉಂಗುರವೆಳೆದರೆ, ಮೀನನ್ನು ನೀರಿನಲ್ಲಿಯೇ ಕೋಲಿನ ಪಕ್ಕಕ್ಕೆ ಹಿಡಿದು ನೋಡಬಹುದು. ಆಸನವುಳ್ಳವನು ತೊಡೆಯ ಮೇಲೆ ಗುರುತುಳ್ಳ ಹಲಗೆಯನ್ನಿಟ್ಟುಕೊಳ್ಳಬಹುದು. ಹಲಗೆಯನ್ನು ಮೊದಲು ತೋಯಿಸಬೇಕು. ಏನೂ ಇಲ್ಲದವನಿಗೆ ದೇವರು ಕೊಟ್ಟ ಗೇಣಿದೆ. ಶಾಸ್ತ್ರದಲ್ಲಿ ವಿತಸ್ತಿಗೆ ೧೨ ಅಂಗುಲ, ಹಸ್ತಕ್ಕೆ ೨೪ ಅಂಗುಲ. ಆದರೆ ಭೀಮನ ಗೇಣೂ ಬಾಲಕನ ಗೇಣೂ ಒಂದಲ್ಲವಷ್ಟೆ! ತನ್ನ ಗೇಣು ಎಷ್ಟು ಸೆಂಟಿಮೀಟರೆಂಬುದನ್ನು ಪ್ರತಿಯೊಬ್ಬನೂ ಮನೆಯಲ್ಲಿಯೇ ಒಮ್ಮೆ ಅಳೆದು ನೆನಪಿಡಲಿ.

ಮೀನಿನ ಬಾಯಿ ಮುಚ್ಚಿರಬೇಕು, ಮೈ ನೇರವಾಗಿರಬೇಕು, ಹೊಟ್ಟೆಯ ಉಬ್ಬಿನ ಮೇಲೆ ಟೇಪನ್ನು ಹರಿಯಿಸಿ ಉದ್ದವನ್ನು ಹಿಗ್ಗಿಸಬಾರದು. ಕವಲೊಡೆದ ಬಾಲವಿದ್ದರೆ, ಅಳೆದದ್ದು ಕವಲಿನ ನಡುವಿನವರೆಗೋ ಬಾಲದ ಕೊನೆಯವರೆಗೋ ಎಂಬುದನ್ನು ಹೇಳಿಯೇ ಅಂಕಿಯನ್ನು ಹೇಳತಕ್ಕದ್ದು. ಇದನ್ನು ಹೇಳದವರೇ ಹೆಚ್ಚು. ಅವರ ಮೀನು ಸಂಜೆಯಾಗುವಷ್ಟರಲ್ಲಿ ಅರ್ಧ ಗೇಣು ಬೆಳೆದಿರುತ್ತದೆ.

ತೂಕವನ್ನು ತಿಳಿಯಬೇಕಾದರೂ ಮೀನನ್ನು ತಕ್ಕಡಿಗೆ ತೂಗುಹಾಕುವುದು ಅನಗತ್ಯ. ಭಾರವಾದ ಮೀನನ್ನು ದವಡೆಯಿಂದ ನೇತುಹಾಕಿದರೆ ಅದರ ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಮೈಯ ಅತಿದಪ್ಪ ಭಾಗದ ಸುತ್ತಳತೆಯನ್ನು ಹುರಿಯಿಂದ ತೆಗೆದು, ಅದರ ವರ್ಗವನ್ನು ಉದ್ದದಿಂದ ಗುಣಿಸಿ ೮೦೦ರಿಂದ ಭಾಗಿಸಬೇಕು. ಅಳತೆಯು ಇಂಚಿನಲ್ಲಿದ್ದರೆ ಫಲವು ಪೌಂಡಿನಲ್ಲಿ ದೊರೆಯುತ್ತದೆ. ೪೦ ಇಂಚು ಉದ್ದ, ೨೪ ಇಂಚು ಸುತ್ತಳತೆಯಾದರೆ ೨೮.೮ ಪೌಂಡು, ಅಂದರೆ ಸುಮಾರು ೧೩ ಕಿಲೋ. ಇದು ಅಂದಾಜೇ ಹೊರತು ತಕ್ಕಡಿಯ ಮಾತಲ್ಲ.

ಇಷ್ಟು ಜಾಗ್ರತೆಯೇಕೆಂದು ಗೃಹಿಣಿಯರು ಕೇಳಬಹುದು. ಹೇಗೂ ಸಾರಿಗೆ ಬೀಳುವ ಮೀನಲ್ಲವೆ? ಎಲ್ಲವೂ ಸಾರಿಗೆ ಬೀಳತಕ್ಕದ್ದಲ್ಲ. ಕೇರಳದವರು ೨೦೧೫ರಲ್ಲಿ ಕಡಲ ಮೀನುಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಪಡಿಸಿದರು. ಬೂತಾಯಿಗೆ ೧೦ ಸೆಂಟಿಮೀಟರು, ಬಂಗುಡೆಗೆ ೧೪. ಮೊಟ್ಟೆಯಿಡುವ ಮೊದಲೇ ಮರಿಯನ್ನು ತಿಂದರೆ ಮುಂದಿನ ವರ್ಷದ ಬಲೆಗೆ ಏನು ಬೀಳಬೇಕು? ಹೊಳೆಯ ಮಹಶೀರಿನಲ್ಲಾದರೋ ದೊಡ್ಡ ಮೀನನ್ನೂ ಬಿಡುವುದು ಯುಕ್ತ. ಅತಿ ದೊಡ್ಡವು ಬಹುಶಃ ಹೆಣ್ಣುಗಳೇ. ಈ ಜಿಲ್ಲೆಯಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸರು ಗಾಳದ ವಿಷಯವಾಗಿ ಬರೆದ ಪ್ರಸಿದ್ಧ ಇಂಗ್ಲಿಷ್ ಗ್ರಂಥವು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಅದರಲ್ಲಿ ಮಹಶೀರಿಗೇ ಅಗ್ರಸ್ಥಾನ. ಶಿಶಿಲದ ದೇವಸ್ಥಾನದ ಬಳಿ ಕಪಿಲಾ ಹೊಳೆಯಲ್ಲಿ ಅದೇ ಕುಲದ ಮೀನುಗಳಿಗೆ ಯಾತ್ರಿಕರು ಪುರಿ ಹಾಕುವರು; ಅಲ್ಲಿ ಗಾಳಕ್ಕೂ ಅಳತೆಗೂ ಎಡೆಯಿಲ್ಲ.

ಬಿಡಬೇಕಾದ ಮೀನನ್ನು ಒಣಗೈಯಿಂದ ಮುಟ್ಟಲಾಗದು. ಮೈಯ ಲೋಳೆಯು ಹೋದರೆ ರೋಗವು ತಗಲುತ್ತದೆ. ಅಂಕಿಯನ್ನು ಓದಲು ತಡವಾಗುವುದಾದರೆ ಹುರಿಯನ್ನು ಮೂತಿಯಿಂದ ಬಾಲದವರೆಗೆ ಹಿಡಿದು, ಅಲ್ಲಿಗೆ ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಸಿಕ್ಕಿಸಿ, ಮೀನನ್ನು ಬಿಟ್ಟುಬಿಡಿರಿ. ದಡಕ್ಕೆ ಬಂದು ನಿಧಾನವಾಗಿ ಅಳೆಯಬಹುದು. ಹುರಿಯು ನೈಲಾನಿನದಾಗಿರಲಿ, ಹತ್ತಿಯದು ನೆನೆದರೆ ಉದ್ದವು ಬದಲಾಗುತ್ತದೆ.

ಮಳೆಗಾಲದಲ್ಲಿ ಮಾತ್ರ ಟ್ಯೂಬು ಅಟ್ಟದ ಮೇಲೆಯೇ ಇರಲಿ. ೧೯೨೩ರ ಮತ್ತು ೧೯೭೪ರ ನೆರೆಗಳನ್ನು ಈ ಊರು ಮರೆತಿಲ್ಲ.